ಕಾಗೋಡಿನ ಕೊಳಗ, ಬ್ಯಾಂಕಿನ ಕಂತು

ಮಲೆನಾಡಿನಲ್ಲಿ ಭೂಮಿಯ ಮಾತು ಬಂದರೆ ಕಾಗೋಡಿನ ಹೆಸರು ಬಂದೇ ಬರುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಆ ಊರಿನಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿಂದ. ಎಚ್. ಗಣಪತಿಯಪ್ಪನವರು ದೀವರ ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿಗಳು ಜೊತೆಗೆ ನಿಂತರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ತೀರ್ಥಹಳ್ಳಿ ತಾಲ್ಲೂಕಿನ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ-ಹೊಸನಗರ ಕ್ಷೇತ್ರದಿಂದ ಗೆದ್ದು ವಿಧಾನಸಭೆಗೆ ಹೋದರು. ಅದೇ ಕಾಲದಲ್ಲಿ ತೀರ್ಥಹಳ್ಳಿ ಸೀಮೆಯ ವಕೀಲ ಕಡಿದಾಳು ಮಂಜಪ್ಪನವರು ಕಂದಾಯ ಮಂತ್ರಿಯಾಗಿದ್ದರು, 1952ರ ಮೈಸೂರು ಗೇಣಿ ಕಾಯ್ದೆ ಬಂತು. ಕೊನೆಗೆ ದೇವರಾಜ ಅರಸರ ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಗಿ ಉಳುವವನು ಒಡೆಯನಾದ.

ಈ ಕಥೆಯನ್ನು ನಾವು ಎಷ್ಟು ಸಲ ಹೇಳಿಕೊಂಡಿದ್ದೇವೆಂದರೆ, ಅದು ಮುಗಿದುಹೋದ ಕಥೆ ಎಂಬ ಭಾವನೆಯೇ ಬಂದುಬಿಟ್ಟಿದೆ. ಮುಗಿದಿಲ್ಲ. ಜಗಳ ಕಣದಿಂದ ಕಚೇರಿಗೆ ಹೋಗಿದೆ, ಅಷ್ಟೇ. ಇವತ್ತು ಅದು ತಾಲ್ಲೂಕು ಕೋರ್ಟಿನಲ್ಲಿ, ಸಾಗರದ ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ, ಅರಣ್ಯ ಇಲಾಖೆಯ ನೋಟಿಸಿನಲ್ಲಿ ಇದೆ. ಅಲ್ಲಿ ಬಡವನ ಪರವಾಗಿ ಯಾರು ನಿಲ್ಲಬಹುದು, ಯಾರು ನಿಲ್ಲಲಾಗದು ಎಂಬುದನ್ನು ಈಗ ತೀರ್ಮಾನಿಸುವುದು ಇನ್ನೊಂದು ಅಳತೆ: ಕಾನೂನು ಓದಿದ ಹುಡುಗ ಹುಡುಗಿಯರ ತಲೆ ಮೇಲಿರುವ ಶಿಕ್ಷಣ ಸಾಲದ ತಿಂಗಳ ಕಂತು. ಆದ್ದರಿಂದ ಈ ಲೇಖನದ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಾನೂನು ಪದವಿ ಪಡೆದು ತಾಲ್ಲೂಕಿನಲ್ಲೇ ಉಳಿದು ಬಡವರ ಮೊಕದ್ದಮೆ ನಡೆಸುವವರ ಸಾಲದ ಕಂತನ್ನು, ಅವರು ಆ ಕೆಲಸದಲ್ಲಿರುವಷ್ಟು ಕಾಲ, ಸಾರ್ವಜನಿಕ ಹಣದಿಂದ ಕಟ್ಟಬೇಕು.

ಮೊದಲು ಆ ಮೊಕದ್ದಮೆಗಳು ಎಂಥವು ಎಂದು ನೋಡೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆಯಿತು. ಶರಾವತಿ ಕಣಿವೆಯ ಊರುಗಳು ಮುಳುಗಿದವು. ಒಕ್ಕಲೆದ್ದವರಿಗೆ ಕಾಡಿನ ಜಾಗ ತೋರಿಸಿ ಇಲ್ಲಿ ಬದುಕಿಕೊಳ್ಳಿ ಎಂದರು. ಜಾಗ ಕೊಟ್ಟರು, ಕಾಗದ ಪೂರ್ತಿ ಮಾಡಲಿಲ್ಲ. ದಾಖಲೆಯಲ್ಲಿ ಅದು ಅರಣ್ಯವಾಗಿಯೇ ಉಳಿಯಿತು. ಮುಂದೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದು, ಅರಣ್ಯ ಭೂಮಿಯನ್ನು ಬಿಡಿಸಲು ಕೇಂದ್ರದ ಒಪ್ಪಿಗೆ ಕಡ್ಡಾಯವಾಯಿತು. ರಾಜ್ಯ ಸರ್ಕಾರ ಆ ಒಪ್ಪಿಗೆ ಪಡೆಯದೆಯೇ ಹೊರಡಿಸಿದ್ದ ಅಧಿಸೂಚನೆಗಳು 2021ರಲ್ಲಿ ಹೈಕೋರ್ಟಿನಲ್ಲಿ ಬಿದ್ದುಹೋದವು. ಹೊಸನಗರದಲ್ಲಿ ಚಕ್ರಾ, ಸಾವೆಹಕ್ಲು, ಮಾಣಿ ಅಣೆಕಟ್ಟುಗಳ ಹಿಂದೆಯೂ ಮುಳುಗಿದ ಜಮೀನುಗಳ ಕಥೆಯಿದೆ. ಸಾಗರದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ಗಳನ್ನು ಓದಿ ನಾವು ಕಣ್ಣು ಒದ್ದೆ ಮಾಡಿಕೊಳ್ಳುತ್ತೇವೆ. ಅದೇ ಕುಟುಂಬಗಳ ಮೂರನೇ ತಲೆಮಾರು ಪಹಣಿಯಿಲ್ಲದೆ, ಬೆಳೆಸಾಲವಿಲ್ಲದೆ ಕಚೇರಿಯಿಂದ ಕಚೇರಿಗೆ ಅಲೆಯುತ್ತಿದೆ.

ಇದರ ಜೊತೆಗೆ ಬಗರ್‌ಹುಕುಂ ಇದೆ. ನಮೂನೆ 50, 53, 57ರ ಅರ್ಜಿಗಳಿವೆ. ಸರ್ಕಾರಿ ಜಾಗದಲ್ಲಿ ಕಟ್ಟಿಕೊಂಡ ಮನೆಯ 94ಸಿ ಅರ್ಜಿಗಳಿವೆ. ಸೊಪ್ಪಿನಬೆಟ್ಟ, ಕಾನು, ಡೀಮ್ಡ್ ಫಾರೆಸ್ಟ್ ಎಂಬ ಬಗೆಹರಿಯದ ಗಡಿಗಳಿವೆ. 2011ರ ಭೂಕಬಳಿಕೆ ನಿಷೇಧ ಕಾಯ್ದೆಯ ವಿಶೇಷ ನ್ಯಾಯಾಲಯ ಕೂತದ್ದು ಬೆಂಗಳೂರಿನಲ್ಲಿ. ಬೆಂಗಳೂರಿನ ಸುತ್ತ ನೂರಾರು ಎಕರೆ ನುಂಗಿದವರಿಗಾಗಿ ಮಾಡಿದ ಕಾಯ್ದೆಯಲ್ಲಿ ಮಲೆನಾಡಿನ ಅರ್ಧ ಎಕರೆ ಅಡಿಕೆಯವರೂ ನೋಟಿಸು ಹಿಡಿದು ರಾತ್ರಿ ರೈಲು ಹತ್ತಬೇಕಾಯಿತು.

2006ರ ಅರಣ್ಯ ಹಕ್ಕು ಕಾಯ್ದೆಯನ್ನೇ ತೆಗೆದುಕೊಳ್ಳಿ. ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಬದುಕಿದ್ದನ್ನು ತೋರಿಸಬೇಕು. ಕಾಗದವೇ ಬೇಕೆಂದು ಕಾಯ್ದೆ ಹಟ ಹಿಡಿದಿಲ್ಲ. ಹಳೆಯ ಬಾವಿ, ಸ್ಮಶಾನ, ದೇವರ ಬನ, ಊರಿನ ಹಿರಿಯರ ಹೇಳಿಕೆ ಇವೆಲ್ಲ ಸಾಕ್ಷ್ಯವಾಗಬಹುದು ಎಂದು ಅದರ ನಿಯಮಗಳೇ ಹೇಳುತ್ತವೆ. ಆದರೆ ಬಾವಿ ತಾನಾಗಿ ಬಂದು ಸಾಕ್ಷಿ ಹೇಳುವುದಿಲ್ಲ. ಯಾರೋ ಒಬ್ಬರು ಆ ಊರಿಗೆ ಹೋಗಿ ಬಾವಿ ನೋಡಬೇಕು, ಹಿರಿಯರನ್ನು ಕೂರಿಸಿ ಹೇಳಿಕೆ ಬರೆಸಬೇಕು, ಗ್ರಾಮಸಭೆಯ ಮುಂದೆ ಇಡಬೇಕು. ಅರ್ಜಿ ತಿರಸ್ಕೃತವಾದರೆ 60 ದಿನದೊಳಗೆ ಮೇಲಿನ ಸಮಿತಿಗೆ ಹೋಗಬೇಕು. ಸುಪ್ರೀಂ ಕೋರ್ಟು 2019ರ ಫೆಬ್ರವರಿ 13ರಂದು ತಿರಸ್ಕೃತ ಅರ್ಜಿದಾರರನ್ನು ತೆರವು ಮಾಡಲು ಹೇಳಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಆ ಹದಿನೈದು ದಿನ ಕಾಡಂಚಿನ ಮನೆಗಳು ಹೇಗೆ ಕಳೆದಿರಬಹುದು ಎಂದು ಯೋಚಿಸಿ. ಒಂದು ಅರ್ಜಿಯನ್ನು ಸರಿಯಾಗಿ ಬರೆಯುವ ವಕೀಲರ ಬೆಲೆ ಅಂಥ ದಿನಗಳಲ್ಲಿ ತಿಳಿಯುತ್ತದೆ.

ಇದು ದುಡ್ಡು ಹುಟ್ಟದ ಕೆಲಸ. ಕಕ್ಷಿದಾರನ ಹತ್ತಿರ ಕೊಡಲು ಏನೂ ಇರುವುದಿಲ್ಲ; ಇದ್ದರೆ ಸಾವಿರ ರೂಪಾಯಿ, ಒಂದು ಗೊನೆ ಬಾಳೆ. ಫೈಲು ಮಾತ್ರ ಐದು ವರ್ಷ ನಡೆಯುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಹೊಸನಗರದ ಹುಡುಗಿಯೊಬ್ಬಳು ಐದು ವರ್ಷದ ಕಾನೂನು ಕೋರ್ಸಿಗೆ 6 ಲಕ್ಷ ರೂಪಾಯಿ ಸಾಲ ಮಾಡಿದ್ದಾಳೆ ಎಂದುಕೊಳ್ಳಿ. ಬಡ್ಡಿ ಶೇಕಡಾ 10, ಅವಧಿ ಹತ್ತು ವರ್ಷ. ಕಂತು ತಿಂಗಳಿಗೆ ಸುಮಾರು 7,900 ರೂಪಾಯಿ ಆಗುತ್ತದೆ. ಹತ್ತು ವರ್ಷಕ್ಕೆ ಕಟ್ಟುವುದು ಒಟ್ಟು ಒಂಬತ್ತೂವರೆ ಲಕ್ಷ. ಓದುವ ಕಾಲದ ಬಡ್ಡಿಯನ್ನು ಇದರಲ್ಲಿ ಸೇರಿಸಿಲ್ಲ. ಕೋರ್ಸು ಮುಗಿದು ಒಂದು ವರ್ಷಕ್ಕೆ ಕಂತು ಶುರು. ಆ ವರ್ಷ ಅವಳು ಸನ್ನದು ಪಡೆದು, ಬಾರ್ ಪರೀಕ್ಷೆ ಬರೆದು, ಯಾವುದೋ ಹಿರಿಯ ವಕೀಲರ ಆಫೀಸಿನಲ್ಲಿ ಫೈಲು ಹಿಡಿಯಲು ಕಲಿಯುತ್ತಿರುತ್ತಾಳೆ. ಕಿರಿಯ ವಕೀಲರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸುತ್ತೋಲೆ ಕಳಿಸಿತು. ಅದು ಸಲಹೆ, ಕಡ್ಡಾಯವಲ್ಲ. ಆ ಸಲಹೆಯನ್ನು ಯಾರೋ ಪುಣ್ಯಾತ್ಮರು ಪಾಲಿಸಿದರು ಎಂದೇ ಇಟ್ಟುಕೊಂಡರೂ, ಅರ್ಧಕ್ಕಿಂತ ಹೆಚ್ಚು ಹಣ ಬ್ಯಾಂಕಿಗೆ ಹೋಗುತ್ತದೆ. ಉಳಿದದ್ದರಲ್ಲಿ ಕೋಣೆ ಬಾಡಿಗೆ, ಊಟ, ಬಸ್ಸು, ಕಪ್ಪು ಕೋಟು.

ಕಂತು ತಪ್ಪಿದರೆ ಪೆಟ್ಟು ಅವಳೊಬ್ಬಳಿಗೇ ಬೀಳುವುದಿಲ್ಲ. ಶಿಕ್ಷಣ ಸಾಲದಲ್ಲಿ ಅಪ್ಪನೋ ಅಮ್ಮನೋ ಜಂಟಿ ಸಾಲಗಾರರು. ಮಗಳ ಸಾಲ ಸುಸ್ತಿಯಾದರೆ ಅಪ್ಪನ ಸಿಬಿಲ್ ಅಂಕವೂ ಕೆಡುತ್ತದೆ. ಎಲೆಚುಕ್ಕಿ ರೋಗ ಬಂದು ತೋಟ ಸೊರಗಿರುವ ಹೊತ್ತಿನಲ್ಲಿ ಅಪ್ಪ ಬ್ಯಾಂಕಿಗೆ ಹೋದರೆ ಹೊಸ ಸಾಲವಿಲ್ಲ. ಇಂಥ ಮನೆಯ ಹುಡುಗಿಗೆ ‘ನೀನು ಹೊಸನಗರದಲ್ಲೇ ಇದ್ದು ಬಡವರ ಕೇಸು ನಡೆಸು’ ಎಂದು ಹೇಳಲು ಯಾರಿಗೆ ಬಾಯಿ ಬರುತ್ತದೆ? ಅವಳು ಬೆಂಗಳೂರಿಗೆ ಹೋಗುತ್ತಾಳೆ. ಯಾವುದೋ ಕಂಪನಿಯ ಕರಾರುಪತ್ರ ತಿದ್ದುತ್ತಾಳೆ. ಅವಳನ್ನು ದೂರುವುದು ಅನ್ಯಾಯ. ಅವಳು ಓದಿದ ಕಾನೂನು ಅವಳ ಊರಿಗೆ ಸಿಗದಂತೆ ಮಾಡಿದ ವ್ಯವಸ್ಥೆಯನ್ನು ದೂರಬೇಕು.

ಸರ್ಕಾರದ ಯೋಜನೆಗಳು ಇಲ್ಲವೇ ಎಂದು ಕೇಳಬಹುದು. ಇವೆ. 2009ರಿಂದ ಕೇಂದ್ರದ ಬಡ್ಡಿ ಸಹಾಯಧನ ಯೋಜನೆ ಇದೆ. ವರ್ಷಕ್ಕೆ ನಾಲ್ಕೂವರೆ ಲಕ್ಷದೊಳಗಿನ ಆದಾಯದ ಮನೆಯವರಿಗೆ ಓದುವ ಕಾಲದ ಮತ್ತು ಮುಂದಿನ ಒಂದು ವರ್ಷದ ಬಡ್ಡಿ ಮಾತ್ರ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಇದೆ; ಅದು ರ್‍ಯಾಂಕಿಂಗಿನ ಮೇಲ್ತುದಿಯ ಸಂಸ್ಥೆಗಳಿಗೆ ಸೀಮಿತ, ಎಂಟು ಲಕ್ಷದೊಳಗಿನ ಆದಾಯದವರಿಗೆ ಶೇಕಡಾ 3ರ ಬಡ್ಡಿ ರಿಯಾಯಿತಿ, ಅದೂ ಕಂತು ಶುರುವಾಗುವ ತನಕ. ಆದಾಯ ತೆರಿಗೆಯಲ್ಲೂ ಒಂದು ರಿಯಾಯಿತಿ ಇದೆ. ತೆರಿಗೆ ಕಟ್ಟುವಷ್ಟು ದುಡಿಯುವವರಿಗೆ ಮಾತ್ರ, ಹೊಸ ತೆರಿಗೆ ಪದ್ಧತಿಯಲ್ಲಿ ಅದೂ ಇಲ್ಲ. ಇವೆಲ್ಲವೂ ಬಾಗಿಲಲ್ಲಿ ನಿಂತು ಒಳಗೆ ಬಿಡುವ ಯೋಜನೆಗಳು. ಓದಿ ಹೊರಬಂದವರು ಯಾರಿಗಾಗಿ ದುಡಿಯುತ್ತಾರೆ ಎಂದು ಒಂದೂ ಕೇಳುವುದಿಲ್ಲ. ಕಂಪನಿಯಲ್ಲಿ ಕೈತುಂಬ ಸಂಬಳ ಎಣಿಸುವವರಿಗೂ ತಾಲ್ಲೂಕಿನಲ್ಲಿ ವಿಧವೆಯ ಪಿಂಚಣಿಗೆ ಅರ್ಜಿ ಬರೆಯುವವರಿಗೂ ಕಂತು ಒಂದೇ.

ಉಚಿತ ಕಾನೂನು ನೆರವು ಇದೆಯಲ್ಲ ಎನ್ನುವವರೂ ಇದ್ದಾರೆ. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ತಾಲ್ಲೂಕಿಗೊಂದು ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ನೋಡದೆ ವಕೀಲರನ್ನು ಕೊಡಬೇಕು. ಆದರೆ ಆ ಪಟ್ಟಿಯ ವಕೀಲರಿಗೆ ಸಿಗುವುದು ಕೇಸಿಗಿಷ್ಟು ಎಂಬ ಸಣ್ಣ ಗೌರವಧನ. ಅದನ್ನು ನಂಬಿ ಯಾರೂ ಕಂತು ಕಟ್ಟಲಾರರು. 2022ರಲ್ಲಿ ಬಂದ ಪೂರ್ಣಾವಧಿ ಕಾನೂನು ನೆರವು ರಕ್ಷಣಾ ವಕೀಲರ ವ್ಯವಸ್ಥೆ ಒಳ್ಳೆಯದೇ. ಅದು ಕ್ರಿಮಿನಲ್ ಪ್ರಕರಣಗಳಿಗೆ, ಮುಖ್ಯವಾಗಿ ಜಿಲ್ಲಾ ಕೇಂದ್ರದಲ್ಲಿ, ಗುತ್ತಿಗೆಯ ಮೇಲೆ. ಪಹಣಿಯ ಜಗಳ, ಅರಣ್ಯದ ನೋಟಿಸು, 94ಸಿ ಅದರ ಲೆಕ್ಕಕ್ಕೆ ಬರುವುದಿಲ್ಲ.

ಹಾಗಾದರೆ ಸಂಬಳ ಕೊಟ್ಟು ಇಟ್ಟುಕೊಳ್ಳಬಹುದಲ್ಲ? ಅಲ್ಲೊಂದು ತೊಡಕಿದೆ. ವಕೀಲರ ಪರಿಷತ್ತಿನ ನಿಯಮ 49ರ ಪ್ರಕಾರ ವಕೀಲಿ ಮಾಡುವವರು ಯಾರದೇ ಪೂರ್ಣಾವಧಿ ಸಂಬಳದ ನೌಕರರಾಗುವಂತಿಲ್ಲ. ಒಂದು ಸಂಘಟನೆ ವಕೀಲೆಯೊಬ್ಬಳನ್ನು ತಿಂಗಳ ಸಂಬಳಕ್ಕೆ ನೇಮಿಸಿಕೊಂಡರೆ ಅವಳು ಕೋರ್ಟಿನಲ್ಲಿ ವಕಾಲತ್ತು ಹಾಕಲು ಆ ನಿಯಮ ಅಡ್ಡ ಬರುತ್ತದೆ. ಸಾಲದ ಕಂತು ಕಟ್ಟುವುದಕ್ಕೆ ಈ ತೊಡಕಿಲ್ಲ. ಅದು ನೌಕರಿಯಲ್ಲ, ಸಂಬಳವೂ ಅಲ್ಲ. ವಕೀಲರು ಸ್ವತಂತ್ರರಾಗಿಯೇ ಉಳಿಯುತ್ತಾರೆ. ಅವರ ಕೊರಳಿಗೆ ಸುತ್ತಿದ ಹಗ್ಗವನ್ನು ಸಡಿಲ ಮಾಡಿದಂತಾಗುತ್ತದೆ, ಅಷ್ಟೆ.

ಇದು ಲೋಕದಲ್ಲಿ ಯಾರೂ ಮಾಡದ ಕೆಲಸವೇನಲ್ಲ. ಅಮೆರಿಕದ ಹಾರ್ವರ್ಡ್ ಕಾನೂನು ಶಾಲೆ ಕಡಿಮೆ ಆದಾಯದ ಕೆಲಸಕ್ಕೆ ಹೋಗುವ ತನ್ನ ಪದವೀಧರರ ಕಂತಿಗೆ ನೆರವಾಗುವ ಯೋಜನೆಯನ್ನು 1978ರಲ್ಲೇ ಶುರುಮಾಡಿತು. 2007ರಲ್ಲಿ ಅಲ್ಲಿನ ಸಂಸತ್ತು ಸಾರ್ವಜನಿಕ ಸೇವೆಯಲ್ಲಿರುವವರು 120 ತಿಂಗಳ ಕಂತು ಕಟ್ಟಿದರೆ ಉಳಿದ ಸಾಲ ಮನ್ನಾ ಎಂಬ ಕಾಯ್ದೆ ಮಾಡಿತು. ಅದರ ಕಥೆಯಲ್ಲಿ ನಮಗೆ ಎರಡು ಪಾಠಗಳಿವೆ. 2017ರಲ್ಲಿ ಮೊದಲ ತಂಡದವರು ಹತ್ತು ವರ್ಷ ಮುಗಿಸಿ ಅರ್ಜಿ ಹಾಕಿದಾಗ, ನಮೂನೆ ಸರಿಯಿಲ್ಲ, ಸಾಲದ ಬಗೆ ಸರಿಯಿಲ್ಲ ಎಂದು ಹೆಚ್ಚುಕಡಿಮೆ ಎಲ್ಲರ ಅರ್ಜಿಯೂ ತಿರಸ್ಕೃತವಾಯಿತು. 2021ರಲ್ಲಿ ನಿಯಮ ಸಡಿಲಿಸಿದ ಮೇಲೆಯೇ ಲಕ್ಷಾಂತರ ಜನರ ಸಾಲ ತೀರಿದ್ದು. ಇದು ಮೊದಲ ಪಾಠ: ಹತ್ತು ವರ್ಷ ಕಾಯಿಸಿ ಕೊನೆಗೆ ಮನ್ನಾ ಎನ್ನಬೇಡಿ, ತಿಂಗಳು ತಿಂಗಳು ಕಟ್ಟಿ. ಎರಡನೆಯದು ಇನ್ನೂ ದೊಡ್ಡದು. 2025ರ ಮಾರ್ಚಿನಲ್ಲಿ ಅಲ್ಲಿನ ಅಧ್ಯಕ್ಷರು ಯಾವ ಸಂಸ್ಥೆಗಳ ಕೆಲಸವನ್ನು ಸಾರ್ವಜನಿಕ ಸೇವೆ ಎನ್ನಬಾರದು ಎಂದು ಆದೇಶ ಹೊರಡಿಸಿದರು. ದುಡ್ಡು ಕೊಡುವ ಸರ್ಕಾರ, ಯಾವುದು ಜನಸೇವೆ ಎಂದು ಹೇಳುವ ಅಧಿಕಾರವನ್ನೂ ಇಟ್ಟುಕೊಂಡರೆ ಹೀಗಾಗುತ್ತದೆ.

ನಮ್ಮ ಮೂರು ತಾಲ್ಲೂಕುಗಳಿಗೆ ಈ ಎರಡನೇ ಪಾಠ ಬಹಳ ಮುಖ್ಯ. ಇಲ್ಲಿ ಬಡವನ ಎದುರು ಪಕ್ಷ ಹೆಚ್ಚಾಗಿ ಸರ್ಕಾರವೇ: ಅರಣ್ಯ ಇಲಾಖೆ, ಕಂದಾಯ ಇಲಾಖೆ, ವಿದ್ಯುತ್ ನಿಗಮ. ಜಿಲ್ಲಾಡಳಿತದ ಕೈಯಿಂದ ಕಂತು ಕಟ್ಟಿಸಿಕೊಳ್ಳುವ ವಕೀಲರು ಜಿಲ್ಲಾಡಳಿತದ ಮೇಲೆ ದಾವೆ ಹೂಡುವುದು ಕಷ್ಟ. ಆದ್ದರಿಂದ ಹಣ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದ ಮೂಲಕ, ನ್ಯಾಯಾಂಗದ ಉಸ್ತುವಾರಿಯಲ್ಲಿ, ನೇರ ಬ್ಯಾಂಕಿಗೆ ಹೋಗಬೇಕು.

ಇನ್ನು ಆಕ್ಷೇಪಗಳು. ‘ವಕೀಲರು ಈಗಲೇ ಜಾಸ್ತಿ ಇದ್ದಾರೆ’ ಎಂಬುದು ಮೊದಲನೆಯದು. ವಕೀಲರ ಸಂಖ್ಯೆ ಎಣಿಸಿದರೆ ಸಾಲದು, ಅವರು ಯಾರ ವಕಾಲತ್ತು ಹಾಕುತ್ತಾರೆ ಎಂದು ನೋಡಬೇಕು. ಭೂಸುಧಾರಣಾ ಕಾಯ್ದೆ ಮಾಡಿದವರಿಗೆ ಇದು ಗೊತ್ತಿತ್ತು. ಭೂನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದೇ ಅವರು 48ನೇ ಕಲಮಿನಲ್ಲಿ ಬರೆದರು. ಒಡೆಯನಿಗೆ ವಕೀಲ ಸಿಗುತ್ತಾನೆ, ಗೇಣಿದಾರನಿಗೆ ಸಿಗುವುದಿಲ್ಲ; ಇಬ್ಬರಿಗೂ ಬೇಡ ಎಂಬ ನ್ಯಾಯ ಅದರಲ್ಲಿತ್ತು. ವಕೀಲಿ ವೃತ್ತಿಯ ಬಗ್ಗೆ ಹಾಗೆ ಕಾನೂನು ಮಾಡಲು ರಾಜ್ಯಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. ವಕೀಲರನ್ನು ಹೊರಗಿಡುವ ದಾರಿ ಮುಚ್ಚಿತು. ಈಗ ಉಳಿದಿರುವುದು ಒಂದೇ ದಾರಿ, ಇಬ್ಬರಿಗೂ ವಕೀಲರು ಸಿಗುವಂತೆ ಮಾಡುವುದು.

‘ಶಿವಮೊಗ್ಗದ ಕಾಲೇಜಿನಲ್ಲಿ ಕಡಿಮೆ ಫೀಸಿಗೆ ಓದಿದವರಿಗೆ ಯಾವ ಸಾಲ?’ ಎಂಬುದು ಎರಡನೆಯದು. ಈ ಮಾತಿನಲ್ಲಿ ಹುರುಳಿದೆ. ದೊಡ್ಡ ಸಾಲ ಇರುವುದು ರಾಷ್ಟ್ರೀಯ ಕಾನೂನು ಶಾಲೆಗಳಿಗೆ ಹೋದವರಿಗೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಎನ್.ಆರ್. ಮಾಧವ ಮೆನನ್ ಅವರು ಕಟ್ಟಿದ್ದು ಸಮಾಜಕ್ಕೆ ಬೇಕಾದ ವಕೀಲರನ್ನು ತಯಾರು ಮಾಡುವ ಆಸೆಯಿಂದ. ಈಗ ಅಲ್ಲಿನ ವರ್ಷದ ವೆಚ್ಚ ಮೂರು ಲಕ್ಷ ದಾಟಿದೆ. ಆದರೆ ಹತ್ತಿರದ ಕಾಲೇಜಿನಲ್ಲಿ ಓದಿದವರ ಮನೆಯಲ್ಲೂ ಸಾಲವಿದೆ. ಅದು ಬೇರೆ ಹೆಸರಿನಲ್ಲಿ ಇದೆ: ಅಮ್ಮನ ಬಂಗಾರ ಅಡವಿಟ್ಟದ್ದು, ಸೊಸೈಟಿಯಲ್ಲಿ ತೆಗೆದದ್ದು, ಅಡಿಕೆ ಮಂಡಿಯಲ್ಲಿ ಮುಂಗಡ ಎತ್ತಿದ್ದು. ಇಂಥವರಿಗೆ ಅಷ್ಟೇ ಮೊತ್ತವನ್ನು ಮೊದಲ ಮೂರು ವರ್ಷ ಭತ್ಯೆಯಾಗಿ ಕೊಡಬಹುದು. ನಮ್ಮದೇ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿಯ ಕಾನೂನು ಪದವೀಧರರಿಗೆ ತರಬೇತಿ ಭತ್ಯೆ ಕೊಡುತ್ತದೆ. ಆಂಧ್ರಪ್ರದೇಶ 2019ರಲ್ಲಿ ಕಿರಿಯ ವಕೀಲರಿಗೆ ತಿಂಗಳಿಗೆ 5,000 ರೂಪಾಯಿ ಕೊಡಲು ಶುರುಮಾಡಿತ್ತು. ತತ್ವ ಹೊಸದಲ್ಲ.

ಮೂರನೇ ಆಕ್ಷೇಪ ನಮ್ಮ ಕಡೆಯದೇ, ಅದಕ್ಕೇ ಹೆಚ್ಚು ಅಪಾಯಕಾರಿ. ‘ಗೋಪಾಲಗೌಡರಿಗೆ ಯಾರು ಕಂತು ಕಟ್ಟಿದರು? ಸೇವೆ ಅಂದರೆ ತ್ಯಾಗ’ ಎನ್ನುವವರು ಸಮಾಜವಾದದ ನೆನಪಿನ ಸಭೆಗಳಲ್ಲಿ ಇನ್ನೂ ಸಿಗುತ್ತಾರೆ. ತ್ಯಾಗ ದೊಡ್ಡದು, ನಿಜ. ಆದರೆ ತ್ಯಾಗವನ್ನೇ ಪ್ರವೇಶ ಶುಲ್ಕ ಮಾಡಿಬಿಟ್ಟರೆ ಅದನ್ನು ಕಟ್ಟಬಲ್ಲವರು ಯಾರು? ಹತ್ತು ಎಕರೆ ಫಸಲಿನ ತೋಟವಿರುವವರ ಮಕ್ಕಳು. ಹತ್ತು ವರ್ಷ ಸಂಪಾದನೆಯಿಲ್ಲದೆ ಬಡವರ ಕೇಸು ನಡೆಸುವ ಸ್ವಾತಂತ್ರ್ಯ ಇರುವುದು ಅವರಿಗೆ ಮಾತ್ರ. ಗೇಣಿದಾರರ ಮೊಮ್ಮಕ್ಕಳು ತಮ್ಮ ಜನರ ವಕೀಲರಾಗಬೇಕಾದರೂ ಒಡೆಯರ ಮೊಮ್ಮಕ್ಕಳ ಉದಾರತೆಗೆ ಕಾಯಬೇಕು ಎಂದಾದರೆ, ಕಾಗೋಡಿನಿಂದ ನಾವು ಕಲಿತದ್ದೇನು?

ಕೊನೆಯದು ದುಡ್ಡು. ಮೂರು ತಾಲ್ಲೂಕಿಗೆ ಐದೈದು ಜನ, ಹದಿನೈದು ವಕೀಲರು. ತಿಂಗಳಿಗೆ ತಲಾ 8,000 ರೂಪಾಯಿ. ವರ್ಷಕ್ಕೆ 14 ಲಕ್ಷದ 40 ಸಾವಿರ. ರಾಜ್ಯದ ಸುಮಾರು 240 ತಾಲ್ಲೂಕುಗಳಿಗೂ ಹೀಗೇ ಐದೈದು ಜನ ಎಂದರೆ 1,200 ವಕೀಲರು, ವರ್ಷಕ್ಕೆ ಹನ್ನೊಂದೂವರೆ ಕೋಟಿ. ನಾಲ್ಕು ಲಕ್ಷ ಕೋಟಿ ದಾಟಿದ ರಾಜ್ಯ ಬಜೆಟ್ಟಿನಲ್ಲಿ ಇದು ಕಣ್ಣಿಗೆ ಕಾಣದ ಮೊತ್ತ. ವೈದ್ಯರನ್ನು ಹಳ್ಳಿಗೆ ಕಳಿಸಲು ಇದೇ ರಾಜ್ಯ 2012ರಲ್ಲಿ ಕಡ್ಡಾಯ ಸೇವೆಯ ಕಾಯ್ದೆ ಮಾಡಿತು. ವಕೀಲರ ವಿಷಯದಲ್ಲಿ ಕಡ್ಡಾಯ ಬೇಕಿಲ್ಲ, ಬಾಂಡು ಬರೆಸಿಕೊಳ್ಳುವುದೂ ಬೇಡ. ಎರಡು ವರ್ಷ ಮಾಡಿ ಬಿಟ್ಟರೆ ಎರಡು ವರ್ಷದ ಕಂತು ತೀರಿತು, ಉಳಿದದ್ದು ಅವರದು. ಹತ್ತು ವರ್ಷ ನಿಂತರೆ ಸಾಲವೇ ತೀರಿತು. ವರ್ಷಕ್ಕೆ ಎಷ್ಟು ನೆರವಿನ ಪ್ರಕರಣ, ಎಷ್ಟು ಹಳ್ಳಿಗಳ ಭೇಟಿ ಎಂಬ ಲೆಕ್ಕವನ್ನು ತಾಲ್ಲೂಕು ಸಮಿತಿ ಇಟ್ಟುಕೊಂಡು ಎಲ್ಲರಿಗೂ ಕಾಣುವಂತೆ ಹಾಕಿದರೆ ಮೋಸಕ್ಕೆ ಜಾಗ ಕಡಿಮೆ.

2024ರ ಜುಲೈನಲ್ಲಿ ಸುಪ್ರೀಂ ಕೋರ್ಟು ವಕೀಲರ ನೋಂದಣಿ ಶುಲ್ಕ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಬಾರದು ಎಂದು ತೀರ್ಪು ಕೊಟ್ಟಿತು. ಸಾವಿರಾರು ರೂಪಾಯಿ ವಸೂಲಿ ಮಾಡಿ ಬಡವರ ಮಕ್ಕಳನ್ನು ಬಾಗಿಲಲ್ಲೇ ತಡೆಯುವುದು ಸಮಾನತೆಗೆ ವಿರುದ್ಧ ಎಂಬುದು ಅದರ ಸಾರ. ಬಾಗಿಲ ಸುಂಕ ತಪ್ಪೆಂದಾದರೆ, ಒಳಗೆ ಬಂದವರನ್ನು ತಿಂಗಳು ತಿಂಗಳು ಹೊರದಬ್ಬುವ ಸುಂಕ ಹೇಗೆ ಸರಿ? ನಮ್ಮ ಮೂರು ತಾಲ್ಲೂಕುಗಳ ವಕೀಲರ ಸಂಘಗಳು ಮೊದಲು ಈ ಪ್ರಶ್ನೆಯನ್ನು ಠರಾವಾಗಿ ಬರೆಯಲಿ. ಶಾಸಕರು ಅದನ್ನು ಬಜೆಟ್ಟಿಗೆ ಮುಂಚೆ ಸದನಕ್ಕೆ ಒಯ್ಯಲಿ. ಕಾನೂನು ಓದುತ್ತಿರುವ ವಿದ್ಯಾರ್ಥಿಗಳು ಇದನ್ನು ಭಿಕ್ಷೆಯೆಂದು ನಾಚಿಕೊಂಡು ಕೇಳಬೇಕಾಗಿಲ್ಲ. ಅಳತೆ ಸರಿಯಿಲ್ಲ ಎಂದು ಹೇಳಿದರೆ ಸಾಕು. ಆ ಮಾತು ಹೇಳಿ ಅಭ್ಯಾಸವಿರುವ ಸೀಮೆ ಇದು.